ಗಾಜಿನ ತೊಟ್ಟಿಯಲ್ಲಿ ಅಣಬೆ ಮೋಡವನ್ನು ತಲೆಕೆಳಗಾಗಿ ಬೆಳೆಸುವ ಬಗೆ

1983ರ ನವೆಂಬರ್ 20ರ ರಾತ್ರಿ ಅಮೆರಿಕದ ಎಬಿಸಿ ವಾಹಿನಿಯು ‘ದಿ ಡೇ ಆಫ್ಟರ್’ ಎಂಬ ಟೆಲಿಚಿತ್ರವನ್ನು ಪ್ರಸಾರ ಮಾಡಿತು. ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದ ಆಸುಪಾಸಿನಲ್ಲಿ ಅಣುಬಾಂಬುಗಳು ಬಿದ್ದರೆ ಏನಾದೀತೆಂದು ಕಲ್ಪಿಸಿದ ಆ ಚಿತ್ರವನ್ನು ಸುಮಾರು 10 ಕೋಟಿ ಜನ ನೋಡಿದರು. ನಿರ್ದೇಶಕ ನಿಕೋಲಸ್ ಮೇಯರ್ ಅವರ ಕೈಯಲ್ಲಿದ್ದುದು ಟೆಲಿವಿಷನ್ನಿನ ಬಜೆಟ್ಟು. ಆದ್ದರಿಂದ ಕ್ಷಿಪಣಿಗಳು ಮೇಲೇಳುವ ದೃಶ್ಯಗಳಿಗೆ ಸೇನೆಯ ಹಳೆಯ ತುಣುಕುಗಳನ್ನೂ, ವಿನಾಶದ ಕೆಲವು ಕ್ಷಣಗಳಿಗೆ 1950ರ ದಶಕದ ಅಣುಪರೀಕ್ಷೆಗಳ ಚಿತ್ರಗಳನ್ನೂ ಬಳಸಿಕೊಂಡರು. ಆದರೆ ಪಟ್ಟಣದ ದಿಗಂತದಲ್ಲಿ ಏಳುವ ಅಣಬೆ ಮೋಡವನ್ನು ಹಾಗೆ ಎರವಲು ತರುವಂತಿರಲಿಲ್ಲ. ‘ಸ್ಟಾರ್ ವಾರ್ಸ್’ ಚಿತ್ರದ ವಿಶೇಷ ಪರಿಣಾಮಗಳಿಗಾಗಿ ಆಸ್ಕರ್ ಹಂಚಿಕೊಂಡಿದ್ದ ರಾಬರ್ಟ್ ಬ್ಲಾಲಾಕ್ ಅವರ ತಂಡವು ಅದನ್ನು ನೀರಿನ ತೊಟ್ಟಿಯೊಳಗೆ ತಯಾರಿಸಿ, ಆ ಕೆಲಸಕ್ಕೆ ಎಮ್ಮಿ ಪ್ರಶಸ್ತಿಯನ್ನೂ ಪಡೆಯಿತು. ಅದೇ ಉಪಾಯವನ್ನು ಮನೆಯ ಅಕ್ವೇರಿಯಂ ಮತ್ತು ಮೊಬೈಲ್ ಕ್ಯಾಮೆರಾದಿಂದ ಮಾಡುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ತತ್ವವನ್ನು ತಿಳಿದುಕೊಳ್ಳಬೇಕು. ಅದು ತಿಳಿಯದಿದ್ದರೆ ಮುಂದಿನ ಅಳತೆಗಳೆಲ್ಲ ಕುರುಡು ಲೆಕ್ಕವಾಗುತ್ತವೆ. ಸ್ಫೋಟದಲ್ಲಿ ಕಾದ ಗಾಳಿಯು ಸುತ್ತಲಿನ ಗಾಳಿಗಿಂತ ಹಗುರವಾದ್ದರಿಂದ ಮೇಲೇರುತ್ತದೆ. ಏರುವಾಗ ಅದರ ಅಂಚು ಒಳಮುಖವಾಗಿ ಸುರುಳಿಗೊಂಡು ಉಂಗುರವಾಗುತ್ತದೆ, ಅದರ ಹಿಂದೆ ನೆಲದ ಧೂಳು ಸೆಳೆದುಕೊಂಡು ಕಾಂಡವಾಗುತ್ತದೆ. ಇದನ್ನೇ ತಲೆಕೆಳಗು ಮಾಡಿ ನೋಡಿ: ನೀರಿಗಿಂತ ಸ್ವಲ್ಪ ಭಾರವಾದ ದ್ರವವನ್ನು ಮೇಲಿನಿಂದ ಬಿಟ್ಟರೆ ಅದು ಹಾಗೆಯೇ ಸುರುಳಿಗೊಳ್ಳುತ್ತ ಕೆಳಗಿಳಿಯುತ್ತದೆ. ಚಿತ್ರವನ್ನು 180 ಡಿಗ್ರಿ ತಿರುಗಿಸಿದರೆ ಇಳಿದದ್ದು ಏರಿದಂತೆ ಕಾಣುತ್ತದೆ.

ಅಣಬೆಯ ಕೊಡೆ ಚಪ್ಪಟೆಯಾಗುವುದಕ್ಕೂ ಕಾರಣವಿದೆ. ನಿಜವಾದ ಮೋಡವು ಸುತ್ತಲಿನ ಗಾಳಿ ತನ್ನಷ್ಟೇ ಹಗುರವಿರುವ ಎತ್ತರವನ್ನು ತಲುಪಿದಾಗ ಇನ್ನು ಮೇಲೇರಲಾರದೆ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ತೊಟ್ಟಿಯಲ್ಲಿ ಆ ತಡೆಯನ್ನು ಉಪ್ಪುನೀರಿನ ಪದರದಿಂದ ಕಟ್ಟಬಹುದು. ತಳದಲ್ಲಿ ಉಪ್ಪುನೀರು, ಮೇಲೆ ಸಿಹಿನೀರು, ಇವೆರಡರ ನಡುವಿನ ತೂಕದ ಬಣ್ಣ, ಇಷ್ಟೇ ಗುಟ್ಟು. 1977ರ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’ ಚಿತ್ರಕ್ಕೆ ಡಗ್ಲಸ್ ಟ್ರಂಬುಲ್ ಅವರ ತಂಡ ಮೋಡಗಳನ್ನು ಮಾಡಿದ್ದೂ ಇಂತಹ ಎರಡು ಪದರದ ತೊಟ್ಟಿಯಲ್ಲೇ.

60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 38 ಸೆಂ.ಮೀ. ಎತ್ತರದ ಅಕ್ವೇರಿಯಂ ಸಾಕಾಗುತ್ತದೆ. ತುಂಬಿದಾಗ ನೀರಿನ ತೂಕವೇ 60 ಕಿಲೋ ಮೀರುವುದರಿಂದ ಅದನ್ನು ಗಟ್ಟಿಯಾದ ಮೇಜಿನ ಮೇಲೆಯೇ ಇಡಬೇಕು. ಹಿಂದಿನ ರಾತ್ರಿ 25 ಸೆಂ.ಮೀ. ಎತ್ತರದವರೆಗೆ ಸಿಹಿನೀರು ತುಂಬಿಡಿ. ನಲ್ಲಿಯಿಂದ ಹಿಡಿದ ನೀರನ್ನು ಕೂಡಲೇ ಬಳಸಿದರೆ ಅದರಲ್ಲಿ ಕರಗಿದ ಗಾಳಿ ಸಣ್ಣ ಗುಳ್ಳೆಗಳಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಮೋಡದ ಸುತ್ತ ಹಾಡಹಗಲೇ ನಕ್ಷತ್ರಗಳು ಮೂಡಿದ್ದು ಹೀಗೆ. ಅದೇ ರಾತ್ರಿ ಬಕೆಟ್ಟುಗಳಲ್ಲಿ 18 ಲೀಟರ್ ನೀರಿಗೆ 900 ಗ್ರಾಂ ಕಲ್ಲುಪ್ಪನ್ನು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಅದೇ ಕೋಣೆಯಲ್ಲಿ ಇಡಿ. ಎರಡೂ ನೀರಿನ ಉಷ್ಣತೆ ಒಂದೇ ಆಗಿರಬೇಕಾದದ್ದು ಮುಖ್ಯ.

ಬೆಳಿಗ್ಗೆ ಉಪ್ಪುನೀರಿನ ಬಕೆಟ್ಟನ್ನು ತೊಟ್ಟಿಗಿಂತ ಎತ್ತರದಲ್ಲಿಟ್ಟು, ತೆಳುವಾದ ಕೊಳವೆಯ ತುದಿಯನ್ನು ತೊಟ್ಟಿಯ ತಳಕ್ಕೆ ಮುಟ್ಟಿಸಿ ನಿಧಾನವಾಗಿ ಹರಿಯಬಿಡಿ. ಭಾರವಾದ ನೀರು ತಳದಲ್ಲಿ ನುಸುಳಿ ಸಿಹಿನೀರನ್ನು ಮೇಲೆತ್ತುತ್ತ ಹೋಗುತ್ತದೆ. ಇದಕ್ಕೆ ಅರ್ಧ ಗಂಟೆಯಾದರೂ ಹಿಡಿಯಲಿ. ಅವಸರಪಟ್ಟರೆ ಎರಡೂ ಬೆರೆತು ಕೆಲಸ ಕೆಡುತ್ತದೆ. ಕೊನೆಗೆ ಪಕ್ಕದಿಂದ ನೋಡಿದರೆ ತಳದಿಂದ 10 ಸೆಂ.ಮೀ. ಎತ್ತರದಲ್ಲಿ ಬಿಸಿಲಿಗೆ ಕಾದ ರಸ್ತೆಯ ಮೇಲಿನ ಗಾಳಿಯಂತೆ ನಡುಗುವ ತೆಳುಗೆರೆಯೊಂದು ಕಾಣುತ್ತದೆ. ನೀರಿನ ಅಲುಗಾಟ ನಿಲ್ಲಲು ಇನ್ನೊಂದು ಗಂಟೆ ಬಿಡಬೇಕು.

ಬಣ್ಣಕ್ಕೆ ಹಾಲಿಗಿಂತ ಒಳ್ಳೆಯದು ಸಿಗದು. ಹಾಲಿಗೆ ಅಷ್ಟೇ ನೀರು ಸೇರಿಸಿದರೆ ಅದು ಸಿಹಿನೀರಿಗಿಂತ ನೂರಕ್ಕೆ ಸುಮಾರು ಒಂದೂವರೆ ಪಾಲಿನಷ್ಟು ಭಾರವಾಗಿರುತ್ತದೆ, ಉಪ್ಪುನೀರಿಗಿಂತ ಹಗುರವಾಗಿರುತ್ತದೆ. ಮಣ್ಣಿನ ಛಾಯೆ ಬೇಕೆಂದರೆ ಕಂದು ಪೋಸ್ಟರ್ ಬಣ್ಣದ ನಾಲ್ಕು ಹನಿ ಸಾಕು. ತೊಟ್ಟಿಯ ಹಿಂದೆ ಕಪ್ಪು ಬಟ್ಟೆ ಇಳಿಬಿಡಿ. ಕಾಯುವ ದೀಪಗಳು ನೀರನ್ನು ಬಿಸಿಮಾಡಿ ಹರಿವನ್ನು ಎಬ್ಬಿಸುವುದರಿಂದ ಎಲ್‌ಇಡಿ ದೀಪಗಳನ್ನೇ ಬಳಸಬೇಕು. ಬೆಳಕಿನ ದಿಕ್ಕಿನಲ್ಲಿ ಎಲ್ಲರೂ ಎಡವುತ್ತಾರೆ. ಚಿತ್ರ ತಲೆಕೆಳಗಾಗುವುದರಿಂದ ಸೂರ್ಯನ ಬೆಳಕು ಬೇಕೆಂದರೆ ದೀಪವು ಕೆಳಗಿನಿಂದ ಬರಬೇಕು; ನೆಲದ ಬೆಂಕಿಯ ಕೆಂಬಣ್ಣ ಬೇಕೆಂದರೆ ಕಿತ್ತಳೆ ಕಾಗದ ಸುತ್ತಿದ ದೀಪವನ್ನು ತೊಟ್ಟಿಯ ಮೇಲೆ ಹಿಡಿಯಬೇಕು.

ಕ್ಯಾಮೆರಾವನ್ನು ಆ ತೆಳುಗೆರೆಯ ಎತ್ತರಕ್ಕೇ ಸರಿಯಾಗಿ ನಿಲ್ಲಿಸಿ, ಇಲ್ಲವಾದರೆ ಗೆರೆಯು ಕನ್ನಡಿಯಂತೆ ಹೊಳೆದು ಮೋಸವನ್ನು ಬಯಲು ಮಾಡುತ್ತದೆ. ಫೋಕಸ್ಸನ್ನು ಮೊದಲೇ ಸ್ಥಿರಗೊಳಿಸಿ, ಸೆಕೆಂಡಿಗೆ 240 ಫ್ರೇಮಿನ ವೇಗದಲ್ಲಿ ಚಿತ್ರೀಕರಿಸಿ. ಅದನ್ನು 24ರ ವೇಗದಲ್ಲಿ ತೋರಿಸಿದಾಗ ಚಲನೆ ಹತ್ತು ಪಟ್ಟು ನಿಧಾನವಾಗುತ್ತದೆ. ಚಿಕ್ಕ ಪ್ರತಿಕೃತಿಗಳ ಚಿತ್ರೀಕರಣದಲ್ಲಿ ಒಂದು ಹಳೆಯ ಲೆಕ್ಕವಿದೆ: ಪ್ರತಿಕೃತಿ ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲದಷ್ಟು ಪಟ್ಟು ಚಲನೆಯನ್ನು ನಿಧಾನಗೊಳಿಸಬೇಕು. ಆ ಪ್ರಕಾರ ಹತ್ತು ಪಟ್ಟು ನಿಧಾನವು ನೂರನೇ ಒಂದು ಅಳತೆಗಷ್ಟೇ ಸರಿಹೊಂದುತ್ತದೆ, ಕಿಲೋಮೀಟರುಗಟ್ಟಲೆ ಎತ್ತರದ ಮೋಡಕ್ಕೆ ಏನೇನೂ ಸಾಲದು. ಇಲ್ಲಿ ನೀರು ನಮ್ಮ ನೆರವಿಗೆ ಬರುತ್ತದೆ. ತೂಕದ ವ್ಯತ್ಯಾಸ ಅಷ್ಟು ಕಡಿಮೆಯಿರುವುದರಿಂದ ದ್ರವವು ಮುಕ್ತವಾಗಿ ಬೀಳುವ ವಸ್ತುವಿಗಿಂತ ಸುಮಾರು ಎಂಟು ಪಟ್ಟು ನಿಧಾನವಾಗಿ ಇಳಿಯುತ್ತದೆ. ಎರಡನ್ನೂ ಗುಣಿಸಿದರೆ ಎಂಬತ್ತು ಪಟ್ಟು ನಿಧಾನ. ತೊಟ್ಟಿಯ ಮೋಡ ಕಣ್ಣಿಗೆ ಬೆಟ್ಟದಷ್ಟು ಭಾರವಾಗಿ ಕಾಣುವುದು ಇದರಿಂದಲೇ.

ಸೂಜಿಯಿಲ್ಲದ 50 ಮಿ.ಲೀ. ಸಿರಿಂಜಿಗೆ 1 ಸೆಂ.ಮೀ. ಬಾಯಿಯ ಕೊಳವೆ ಸಿಕ್ಕಿಸಿ, ಒಳಗಿನ ಗಾಳಿಯನ್ನೆಲ್ಲ ಹೊರಹಾಕಿ, ಬಾಯಿಯನ್ನು ನೀರಿನ ಮಟ್ಟದಿಂದ ತುಸುವೇ ಕೆಳಗೆ ಹಿಡಿಯಿರಿ. ಹೊರಬರುವ ದ್ರವದ ಎಳೆ ಕೊಳವೆಯ ವ್ಯಾಸದ ನಾಲ್ಕು ಪಟ್ಟು ಉದ್ದವಾಗುವವರೆಗೆ ಮಾತ್ರ ಉಂಗುರ ಬೆಳೆಯುತ್ತದೆ, ಅದಾದ ಮೇಲೆ ಬಂದದ್ದು ಬಾಲವಾಗಿ ಹಿಂದೆ ಉಳಿಯುತ್ತದೆ. ಈ ಕೊಳವೆಗೆ ಅದು ಸುಮಾರು 3 ಮಿ.ಲೀ. ಆದ್ದರಿಂದ ಮೊದಲ 3 ಮಿ.ಲೀ. ಅನ್ನು ಚುರುಕಾಗಿ ಒತ್ತಿ, ಮುಂದಿನ 10 ಮಿ.ಲೀ. ಅನ್ನು ಬಿಗಿಹಿಡಿದು ಮೆಲ್ಲಗೆ ಬಿಡಬೇಕು: ಮೊದಲನೆಯದು ಕೊಡೆ, ಎರಡನೆಯದು ಕಾಂಡ. ಈ ಹದ ಕೈಗೆ ಬರಲು ಸ್ಟೀಲ್ ಲೋಟದಲ್ಲಲ್ಲ, ಪಾರದರ್ಶಕ ಜಾಡಿಯಲ್ಲಿ ಹತ್ತಾರು ಸಲ ಅಭ್ಯಾಸ ಮಾಡಿ, ಏಕೆಂದರೆ ತೊಟ್ಟಿಯ ನೀರು ಮಬ್ಬಾಗುವ ಮುನ್ನ ನಿಮಗೆ ಎರಡು ಮೂರು ಅವಕಾಶಗಳಷ್ಟೇ ಸಿಗುತ್ತವೆ. ಮುಗಿದ ಮೇಲೆ ಮೇಲಿನ ನೀರನ್ನು ಗಿಡಗಳಿಗೆ ಹಾಕಬಹುದು, ತಳದ ಉಪ್ಪುನೀರನ್ನು ಖಂಡಿತ ಹಾಕಬಾರದು. ತೊಟ್ಟಿಯನ್ನು ಅಂದೇ ತೊಳೆಯದಿದ್ದರೆ ಹಾಲಿನ ವಾಸನೆ ವಾರವಾದರೂ ಹೋಗದು.

ಸಂಕಲನದಲ್ಲಿ ಚಿತ್ರವನ್ನು ತಿರುಗಿಸಿ, ‘ಸ್ಕ್ರೀನ್’ ಎಂಬ ಬೆರಕೆಯ ವಿಧಾನದಿಂದ ಊರಿನ ದೃಶ್ಯದ ಮೇಲೆ ಕೂರಿಸಿದರೆ ಕಪ್ಪು ಹಿನ್ನೆಲೆ ಕಾಣದಾಗುತ್ತದೆ. ತಿರುಗಿಸಿದ ಚಿತ್ರದ ಕೆಳಗೆ ಕೊಳವೆಯ ಬಾಯಿ ಉಳಿದಿರುತ್ತದೆ. ಅದನ್ನು ಮರಗಳ ಸಾಲು ಅಥವಾ ಮನೆಯ ಮಾಡಿನ ಹಿಂದೆ ಮರೆಮಾಡಿ. ಮೋಡಕ್ಕೆ ಮುನ್ನ ಎರಡು ಮೂರು ಫ್ರೇಮು ಅಚ್ಚ ಬಿಳಿ ಇಟ್ಟರೆ ಸ್ಫೋಟದ ಮಿಂಚು ಸಿದ್ಧವಾಗುತ್ತದೆ. ಸದ್ದನ್ನು ಮಾತ್ರ ಮಿಂಚಿನ ಜೊತೆಗೇ ಇಡಬೇಡಿ. ಅದು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು, ಮೋಡ 10 ಕಿಲೋಮೀಟರ್ ದೂರವಿದ್ದರೆ ಅರ್ಧ ನಿಮಿಷದ ಮೌನ. ಅಷ್ಟು ಹೊತ್ತು ನಾಯಿಯ ಬೊಗಳು, ಗಾಳಿಗೆ ಒಗೆದ ಬಟ್ಟೆ ಪಟಪಟಿಸುವುದು ಮಾತ್ರ ಕೇಳುತ್ತಿರಲಿ.