ತೋಳಿನ ಮೂಳೆ ಮುರಿದು ಮಣಿಕಟ್ಟು ಜೋತುಬಿದ್ದಾಗ: ನನ್ನ ಅನುಭವ

ತೋಳಿನ ಮೂಳೆ ಮುರಿದುಕೊಂಡು ಬಂದವರನ್ನು ಎಕ್ಸ್‌ರೇಗೆ ಕಳುಹಿಸುವ ಮೊದಲೇ ನಾನು ಅವರ ಅಂಗೈ, ಬೆರಳುಗಳನ್ನು ಪರೀಕ್ಷಿಸುತ್ತೇನೆ. ಮಣಿಕಟ್ಟು, ಬೆರಳುಗಳನ್ನು ಮೇಲೆತ್ತುವ ಸ್ನಾಯುಗಳನ್ನು ನಡೆಸುವ ರೇಡಿಯಲ್ ನರವು ತೋಳಿನ ಮೂಳೆಯಾದ ಹ್ಯೂಮರಸ್‌ನ ಹಿಂಬದಿಯನ್ನು ಸುತ್ತಿಕೊಂಡು ಇಳಿದು, ಮೊಣಕೈಗಿಂತ ಮೇಲೆ ಒಂದು ಗಟ್ಟಿ ಪೊರೆಯನ್ನು ತೂರಿ ಮುಂಬದಿಗೆ ಬರುತ್ತದೆ. ಅಲ್ಲಿ ಅದಕ್ಕೆ ಅತ್ತಿತ್ತ ಸರಿಯಲು ಹೆಚ್ಚು ಅವಕಾಶವಿಲ್ಲದ್ದರಿಂದ, ಆ ಮಟ್ಟದಲ್ಲಿ ಮೂಳೆ ಸುರುಳಿಯಾಗಿ ಮುರಿದರೆ ನರಕ್ಕೆ ಪೆಟ್ಟಾಗುವ ಸಂಭವವಿರುತ್ತದೆ. ಹೋಲ್‌ಸ್ಟೈನ್ ಮತ್ತು ಲೂಯಿಸ್ ಎಂಬ ವೈದ್ಯರು 1963ರಲ್ಲಿ ವಿವರಿಸಿದ ಮುರಿತ ಇದೇ.

ಮನೆಯವರು ಸಾಮಾನ್ಯವಾಗಿ "ಬೆರಳು ಆಡ್ತಾ ಇದೆ ಡಾಕ್ಟ್ರೇ" ಎನ್ನುತ್ತಾರೆ. ಬೆರಳಿನ ತುದಿಯ ಗೆಣ್ಣುಗಳನ್ನು ನೆಟ್ಟಗೆ ಚಾಚುವ ಅಂಗೈಯ ಸಣ್ಣ ಸ್ನಾಯುಗಳಿಗೆ ಬೇರೆ ನರಗಳ ಪೂರೈಕೆಯಿರುವುದರಿಂದ ಆ ಮಾತನ್ನು ನೆಚ್ಚುವಂತಿಲ್ಲ. ನಾನು ಮಣಿಕಟ್ಟಿಗೆ ಆಸರೆ ಕೊಟ್ಟು, ಬೆರಳಿನ ಬುಡದ ಗೆಣ್ಣು ಮೇಲೇಳುತ್ತದೆಯೇ, ಹೆಬ್ಬೆರಳು ಹಿಂದಕ್ಕೆ ಬರುತ್ತದೆಯೇ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಹಿಂಬದಿಯ ಚರ್ಮಕ್ಕೆ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡಿ, ಮೂಳೆಯನ್ನು ಮುಟ್ಟುವ ಮುಂಚೆಯೇ ಕೇಸ್ ಶೀಟಿನಲ್ಲಿ ಬರೆಯುತ್ತೇನೆ. ಈ ಬರಹವಿಲ್ಲದಿದ್ದರೆ, ಮಣಿಕಟ್ಟು ಜೋತುಬಿದ್ದದ್ದು ಪೆಟ್ಟಿನಿಂದಲೋ ನಾವು ಮೂಳೆ ಕೂರಿಸಿದ್ದರಿಂದಲೋ ಎಂಬುದು ಮುಂದೆ ಯಾರಿಗೂ ತಿಳಿಯುವುದಿಲ್ಲ.

ಗಾಯ ತೆರೆದಿದ್ದರೆ ಶಸ್ತ್ರಚಿಕಿತ್ಸೆಯ ವೇಳೆಯಲ್ಲೇ ನರವನ್ನೂ ನೋಡುತ್ತೇನೆ. ಚರ್ಮ ಹರಿಯದ ಮುರಿತದಲ್ಲಿ ಬಹುಪಾಲು ನರಗಳು ತಾವಾಗಿಯೇ ಚೇತರಿಸಿಕೊಳ್ಳುವುದರಿಂದ ಕಾಯುತ್ತೇನೆ. ಆದರೆ ಕಾಯುವುದೆಂದರೆ ಸುಮ್ಮನಿರುವುದಲ್ಲ: ಮಣಿಕಟ್ಟನ್ನು ಎತ್ತಿಹಿಡಿಯುವ ಸ್ಪ್ಲಿಂಟ್ ಕೊಟ್ಟು, ಗೆಣ್ಣುಗಳು ಬಿಗಿಯಾಗದಂತೆ ಇನ್ನೊಂದು ಕೈಯಿಂದ ದಿನವೂ ಹಲವು ಬಾರಿ ಆಡಿಸಲು ಹೇಳಿಕೊಡುತ್ತೇನೆ. "ನರಕ್ಕೆ ಶಕ್ತಿ ಬರೋ ಇಂಜೆಕ್ಷನ್" ಕೇಳದ ಮನೆಯವರು ಅಪರೂಪ. ವಿಟಮಿನ್ ಕೊರತೆಯೇನೂ ಇಲ್ಲದವರಿಗೆ ನಾನು ಅದನ್ನು ಬರೆಯುವುದಿಲ್ಲ, ಈ ವ್ಯಾಯಾಮವೇ ಹೆಚ್ಚು ಉಪಯುಕ್ತ ಎನ್ನುತ್ತೇನೆ.

ನರವು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆಂಬ ಲೆಕ್ಕದಲ್ಲಿ, ಮುರಿದ ಜಾಗದಿಂದ ಮೊಣಕೈ ಬಳಿಯ ಬ್ರೇಕಿಯೋರೇಡಿಯಾಲಿಸ್ ಸ್ನಾಯುವಿನವರೆಗೆ ಟೇಪು ಹಿಡಿದು ಅಳೆಯುತ್ತೇನೆ, ಏಕೆಂದರೆ ಚಲನೆ ಮೊದಲು ಮರಳುವುದು ಸಾಮಾನ್ಯವಾಗಿ ಅಲ್ಲಿಯೇ. ಮೂರ್ನಾಲ್ಕು ವಾರ ಕಳೆಯುವ ಮುಂಚೆ ಇಎಂಜಿ (ಸ್ನಾಯುಗಳ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ) ಮಾಡಿಸಿದರೆ ಪೆಟ್ಟಿನ ಆಳ ಸರಿಯಾಗಿ ತಿಳಿಯುವುದಿಲ್ಲ. ಮೂರ್ನಾಲ್ಕು ತಿಂಗಳಾದರೂ ಸ್ನಾಯುವಿನಲ್ಲಾಗಲಿ ಇಎಂಜಿಯಲ್ಲಾಗಲಿ ಚೇತರಿಕೆ ಕಾಣದಿದ್ದರೆ ನರವನ್ನು ತೆರೆದು ನೋಡುವ ಮಾತನ್ನು ನಾನೇ ಎತ್ತುತ್ತೇನೆ; ಈ ಗಡುವಿನ ಬಗ್ಗೆ ಶಸ್ತ್ರವೈದ್ಯರಲ್ಲಿ ಒಮ್ಮತವಿಲ್ಲ. ಬಹಳ ತಡವಾಗಿ ಬಂದವರಲ್ಲಿ ಸ್ನಾಯುವೇ ಸೊರಗಿಹೋಗಿರುವುದರಿಂದ, ಮುಂಗೈಯನ್ನು ತಿರುಗಿಸುವ ಪ್ರೊನೇಟರ್ ಟೆರೆಸ್ ಎಂಬ ಸ್ನಾಯುವಿನ ರಜ್ಜುವನ್ನು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಮಣಿಕಟ್ಟು ಎತ್ತುವ ರಜ್ಜುವಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತೇನೆ.