ಮಾತ್ರೆಗೆ ಬಗ್ಗದ ಶುಗರ್: ಲಾಡಾ ಇದ್ದರೆ ಏನು ಮಾಡಬೇಕು?

ವಯಸ್ಸು 35 ದಾಟಿದೆ. ಶುಗರ್ ಬಂತು, ಟೈಪ್ 2 ಅಂತ ಮಾತ್ರೆ ಶುರುವಾಯ್ತು. ಮೈ ತೆಳ್ಳಗಿದೆ, ಪಥ್ಯ ಸರಿಯಾಗಿ ನಡೆದಿದೆ, ಆದರೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) ಏರುತ್ತಲೇ ಇದೆ, ತೂಕ ಇಳಿಯುತ್ತಿದೆ. ಬಾಯಿ ಕಟ್ಟಿಲ್ಲ ಅಂತ ಬೈಯೋದು ಸುಲಭ, ಅಲ್ವಾ? ಅದಕ್ಕೆ ಮುಂಚೆ ಲಾಡಾ, ಅಂದರೆ ದೊಡ್ಡವರಲ್ಲಿ ನಿಧಾನವಾಗಿ ಬೆಳೆಯುವ ಟೈಪ್ 1 ಥರದ ಶುಗರ್, ಇದೆಯಾ ನೋಡಿಸಿ. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಿಧಾನವಾಗಿ ಹಾಳು ಮಾಡುತ್ತದೆ.

ಮೊದಲು ಜಿಎಡಿ ಆಂಟಿಬಾಡಿ ಪರೀಕ್ಷೆ, ಅಂದರೆ ಇಂಥ ದಾಳಿಯ ಗುರುತು ರಕ್ತದಲ್ಲಿ ಇದೆಯಾ ಅಂತ ನೋಡುವುದು. ಪಾಸಿಟಿವ್ ಬಂದರೆ ಸಿ-ಪೆಪ್ಟೈಡ್. ದೇಹ ಇನ್ಸುಲಿನ್ ಮಾಡುವಾಗ ಅದರ ಜೊತೆಗೇ, ಅಷ್ಟೇ ಲೆಕ್ಕದಲ್ಲಿ ಇದೂ ಹುಟ್ಟುತ್ತದೆ, ಆದರೆ ಚುಚ್ಚಿಕೊಳ್ಳುವ ಇನ್ಸುಲಿನ್‌ನಲ್ಲಿ ಇರುವುದಿಲ್ಲ, ಹಾಗಾಗಿ ನಿಮ್ಮದೇ ಇನ್ಸುಲಿನ್ ಎಷ್ಟು ಉಳಿದಿದೆ ಅನ್ನೋದು ಇದರಿಂದ ಗೊತ್ತಾಗುತ್ತದೆ. ಜೊತೆಗೇ ಗ್ಲೂಕೋಸ್ ಕೂಡ ನೋಡಿಸಿ. ಶುಗರ್ ತೀರಾ ಇಳಿದಿದ್ದಾಗ ತೆಗೆದ ಸಿ-ಪೆಪ್ಟೈಡ್ ನಂಬೋ ಹಾಗಿಲ್ಲ.

ರಿಪೋರ್ಟ್ ಬಂದ ಮೇಲೆ ದಾರಿ ಮೂರು. 2020ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಹೇಳಿದ್ದು ಹೀಗೆ: ಸಿ-ಪೆಪ್ಟೈಡ್ ಲೀಟರ್‌ಗೆ 0.3 ನ್ಯಾನೊಮೋಲ್‌ಗಿಂತ ಕಡಿಮೆ ಇದ್ದರೆ ಟೈಪ್ 1ರಂತೆ ನೇರ ಇನ್ಸುಲಿನ್. 0.7ಕ್ಕಿಂತ ಜಾಸ್ತಿ ಇದ್ದರೆ ಸದ್ಯಕ್ಕೆ ಹೆಚ್ಚುಕಡಿಮೆ ಟೈಪ್ 2ರಂತೆ. ನಡುವೆ ಇದ್ದರೆ ಔಷಧ ನೋಡಿಕೊಂಡು ಕೊಟ್ಟು, ಆರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ. ನನ್ನ ಪ್ರಕಾರ ಜನ ಎಡವುವುದು ಇಲ್ಲೇ. ಶುಗರ್ ಹತೋಟಿಯಲ್ಲಿದೆ ಅಂತ ಮರುಪರೀಕ್ಷೆ ಬಿಟ್ಟುಬಿಡುತ್ತಾರೆ.

ಮಾತ್ರೆಯಲ್ಲೂ ಎಚ್ಚರ ಬೇಕು. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದವು ದಣಿದ ಕೋಶಗಳನ್ನೇ ಇನ್ನಷ್ಟು ದುಡಿಸುತ್ತವೆ, ಲಾಡಾಗೆ ಬೇಡ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಂಡರೆ ಇನ್ಸುಲಿನ್ ಕಮ್ಮಿ ಇರುವವರಿಗೆ ಕೀಟೋನ್ (ಕೊಬ್ಬು ಕರಗಿದಾಗ ರಕ್ತದಲ್ಲಿ ಸೇರುವ ಆಮ್ಲ) ಏರುವ ಭಯ, ಅದೂ ಶುಗರ್ ಅಷ್ಟೇನೂ ಜಾಸ್ತಿ ಕಾಣದೆ. ಹಾಗಂತ ಸುಮ್ನೆ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ಬದಲಿಸಿಕೊಳ್ಳಿ.

ಇನ್ಸುಲಿನ್ ಅಂದರೆ ಸೋಲು ಅಂದುಕೊಳ್ಳಬೇಡಿ. ಇದು ಶಿಕ್ಷೆಯಲ್ಲ, ಕೊರತೆ ತುಂಬುವುದು ಅಷ್ಟೇ. ಹಲವರಿಗೆ ದಿನಕ್ಕೊಂದು ದೀರ್ಘಾವಧಿ ಇಂಜೆಕ್ಷನ್‌ನಿಂದ ಶುರುವಾಗುತ್ತದೆ, ಬೆಳಗಿನ ಖಾಲಿಹೊಟ್ಟೆಯ ಶುಗರ್ ನೋಡಿ ಡೋಸ್ ಸರಿಪಡಿಸುತ್ತಾರೆ. ಪೆನ್ ಆದರೆ 4 ಮಿ.ಮೀ. ಸೂಜಿ ಸಾಕು. ಬಟನ್ ಒತ್ತಿ ಹತ್ತು ಎಣಿಸಿ ಆಮೇಲೆ ತೆಗೆಯಿರಿ, ಇಲ್ಲದಿದ್ದರೆ ಔಷಧ ಹೊರಗೆ ಜಿನುಗುತ್ತದೆ. ಚುಚ್ಚುವ ಜಾಗ ದಿನಾ ಬದಲಿಸಿ, ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟಿ ಔಷಧ ಸರಿಯಾಗಿ ಹೀರಿಕೊಳ್ಳಲ್ಲ. ಶುಗರ್ 70ಕ್ಕಿಂತ ಇಳಿದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು 15 ನಿಮಿಷ ಬಿಟ್ಟು ಮತ್ತೆ ನೋಡಿ.

ಥೈರಾಯ್ಡ್ ಕೂಡ ಪರೀಕ್ಷೆ ಮಾಡಿಸಿ, ಇಂಥವರಲ್ಲಿ ಅದೂ ಕೆಡುವುದುಂಟು. ಇನ್ಸುಲಿನ್ ಶುರುವಾದ ಮೇಲೆ ಜ್ವರ ಬಂದು ಊಟ ಸೇರದಿದ್ದರೂ ದೀರ್ಘಾವಧಿ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ. ವಾಂತಿ, ಹೊಟ್ಟೆನೋವು, ಏದುಸಿರು ಶುರುವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ ಕೀಟೋನ್ ನೋಡಿಸಿ.