ಹೊಸಬರಿಗೆ ಮಾರ್ಗದರ್ಶಿ: ಬಚ್ಚಲು, ಸಿಂಕು, ಪಾಯಿಖಾನೆಯ ಪೈಪು ಕಟ್ಟಿಕೊಂಡಾಗ

ಶಿವಮೊಗ್ಗಕ್ಕೋ ಸಾಗರ, ತೀರ್ಥಹಳ್ಳಿ ಕಡೆಗೋ ವರ್ಗವಾಗಿ ಬಂದು ಬಾಡಿಗೆ ಮನೆ ಹಿಡಿಯುವವರು ಕುಡಿಯುವ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳುತ್ತಾರೆ. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಆಷಾಢದ ಜಡಿಮಳೆಯಲ್ಲಿ ಬಚ್ಚಲ ಜಾಲಿಯಿಂದ ನೀರು ವಾಪಸು ಉಕ್ಕಿದ ದಿನ ಕೇಳಿದರೆ ತಡವಾಯಿತು. ಆ ಹೊತ್ತಿಗೆ ಊರಿನ ಪ್ಲಂಬರುಗಳೆಲ್ಲ ಇನ್ನೊಬ್ಬರ ಮನೆಯಲ್ಲಿ ಇದೇ ಕೆಲಸ ಹಿಡಿದಿರುತ್ತಾರೆ. ಮನೆಗೆ ಬಂದ ಮೊದಲ ವಾರವೇ ಮಾಲೀಕರನ್ನು ಮೂರು ವಿಷಯ ಕೇಳಿಟ್ಟುಕೊಳ್ಳಿ. ಚೇಂಬರುಗಳು (ಪೈಪುಗಳು ಕೂಡುವ ಕಡೆ ನೆಲದಲ್ಲಿ ಕಟ್ಟಿದ, ಮುಚ್ಚಳವಿರುವ ತೊಟ್ಟಿಗಳು) ಎಲ್ಲೆಲ್ಲಿವೆ? ನೀರು ಕೊನೆಗೆ ಸೇರುವುದು ಯುಜಿಡಿಗೋ (ಊರಿನ ಒಳಚರಂಡಿ) ಮನೆಯದೇ ಗುಂಡಿಗೋ? ಗುಂಡಿಯಾದರೆ ಕಡೆಯ ಸಲ ಖಾಲಿ ಮಾಡಿಸಿದ್ದು ಯಾವಾಗ? ಅಂಗಳಕ್ಕೆ ಆಮೇಲೆ ಟೈಲ್ಸ್ ಹಾಕಿಸಿದ ಮನೆಗಳಲ್ಲಿ ಚೇಂಬರಿನ ಮುಚ್ಚಳವೇ ಟೈಲ್ಸ್ ಅಡಿಗೆ ಹೋಗಿರುವುದುಂಟು. ಅಂಥ ಕಡೆ ಜಾಗಕ್ಕೊಂದು ಗುರುತು ಹಾಕಿಸಿಕೊಳ್ಳಿ.

ಕಟ್ಟಿರುವುದು ಎಲ್ಲಿ?

ಯಾವ ಕೆಲಸಕ್ಕೂ ಮೊದಲು ಇದು ಗೊತ್ತಾಗಬೇಕು. ಇದನ್ನು ನೋಡದೆ ಪ್ಲಂಬರನ್ನು ಕರೆಸಿದರೆ ಸಿಂಕಿನಿಂದ ಶುರುಮಾಡಿ ಮನೆಯ ಎಲ್ಲ ಪೈಪಿಗೂ ಸ್ಪ್ರಿಂಗು (ಕಟ್ಟಿದ್ದನ್ನು ಬಿಡಿಸುವ ಉದ್ದದ ಸುರುಳಿ ತಂತಿ) ಬಿಟ್ಟು ಅಷ್ಟಕ್ಕೂ ದುಡ್ಡು ಕೇಳುತ್ತಾರೆ.

ಒಂದೇ ಕಡೆ ನೀರು ನಿಂತರೆ ತೊಂದರೆ ಅಲ್ಲೇ, ಆ ಬೇಸಿನ್ನಿನ ಅಥವಾ ಸಿಂಕಿನ ಕೆಳಗಿನ ಟ್ರ್ಯಾಪಿನಲ್ಲಿ (ವಾಸನೆ ತಡೆಯಲು ನೀರು ನಿಲ್ಲುವ ಬಾಗಿದ ಪೈಪು). ಬಚ್ಚಲು, ಪಾಯಿಖಾನೆ ಎರಡೂ ನಿಧಾನವಾದರೆ ಅವೆರಡೂ ಕೂಡಿದ ನಂತರದ ಲೈನಿನಲ್ಲಿ. ಮಹಡಿಯವರು ಫ್ಲಶ್ ಮಾಡಿದಾಗ ಕೆಳಗಿನ ಬಚ್ಚಲಲ್ಲಿ ನೀರು ಮೇಲೆ ಬಂದರೆ ಮುಖ್ಯ ಲೈನೇ ಕಟ್ಟಿದೆ. ನೀರು ಇಳಿಯುತ್ತದೆ, ಆದರೆ ಗುಳುಗುಳು ಸದ್ದು, ಜೊತೆಗೆ ವಾಸನೆ ಎಂದಾದರೆ ಗಾಳಿ ಪೈಪನ್ನು ನೋಡಿಸಿ. ಅದರ ಬಾಯಿಗೆ ಎಲೆ ಕಸ ಸೇರಿರಬಹುದು, ಕಣಜ ಗೂಡು ಕಟ್ಟಿರಬಹುದು.

ಇನ್ನು ಚೇಂಬರು. ಮುಚ್ಚಳವನ್ನು ಗಡಾರಿಯಿಂದ ಮೀಟಿ ಪಕ್ಕಕ್ಕೆ ಸರಿಸಿ. ಬಗ್ಗಿ ಮುಖ ಹತ್ತಿರ ಒಯ್ಯಬೇಡಿ, ಹತ್ತಿರ ಬೆಂಕಿಕಡ್ಡಿ ಗೀರಬೇಡಿ. ಮನೆ ಪಕ್ಕದ ಚೇಂಬರು ಒಣಗಿದ್ದರೆ ಕಟ್ಟಿರುವುದು ಅದಕ್ಕೂ ಮನೆಗೂ ನಡುವೆ. ತುಂಬಿದ್ದರೆ ಮುಂದಿನದನ್ನು ತೆಗೆದು ನೋಡಿ. ತುಂಬಿದ ಕೊನೆಯ ಚೇಂಬರಿಗೂ ಒಣಗಿದ ಮೊದಲ ಚೇಂಬರಿಗೂ ನಡುವಿನ ಪೈಪೇ ನಿಮ್ಮ ಕೆಲಸದ ಜಾಗ. ಕಾಂಪೌಂಡಿನ ಹತ್ತಿರದ ಕೊನೆಯ ಚೇಂಬರೂ ತುಂಬಿ, ಬೀದಿಯ ಮ್ಯಾನ್‌ಹೋಲೂ ತುಂಬಿದ್ದರೆ ಅದು ನಿಮ್ಮ ಖರ್ಚಲ್ಲ. ಶಿವಮೊಗ್ಗ ನಗರದಲ್ಲಿ ಮಹಾನಗರ ಪಾಲಿಕೆಗೆ, ಬೇರೆ ಊರಾದರೆ ಅಲ್ಲಿನ ಸ್ಥಳೀಯ ಸಂಸ್ಥೆಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಯಾವ ಪೈಪು ಯಾವ ಚೇಂಬರಿಗೆ ಬೀಳುತ್ತದೆಂದು ತಿಳಿಯದಿದ್ದರೆ ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ ಸುರಿದು ನೋಡಿ.

ಅಡುಗೆಮನೆಯ ಜಿಡ್ಡು

ಬಯಲುಸೀಮೆಯಿಂದ ಬಂದವರಿಗೆ ಹೊಸದಾಗಿ ಕಾಣುವ ತೊಂದರೆ ಇದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲೂ ಚಳಿಗಾಲದ ಬೆಳಗಿನಲ್ಲೂ ಪೈಪಿನೊಳಗೆ ಅದಕ್ಕಿಂತ ತಣ್ಣಗಿರುತ್ತದೆ. ಸಾರಿನ ಜೊತೆ ಹೋದ ಎಣ್ಣೆ, ತುಪ್ಪ ಪೈಪಿನ ಗೋಡೆಗೆ ಮೆತ್ತುತ್ತದೆ. ಅದರ ಮೇಲೆ ತೆಂಗಿನ ತುರಿ, ಚಹಾಪುಡಿ, ಕಾಫಿಯ ಗಷ್ಟು, ಗಂಜಿ ಕೂರುತ್ತವೆ. 50 ಮಿಲಿಮೀಟರಿನ ಪೈಪು ಬೆರಳು ತೂರುವಷ್ಟಕ್ಕೆ ಕಿರಿದಾಗುವವರೆಗೂ ಮೇಲೆ ಏನೂ ಗೊತ್ತಾಗುವುದಿಲ್ಲ. ಮುಸುರೆ ತೊಳೆಯುವ ಮೊದಲು ಬಾಣಲೆಯ ಜಿಡ್ಡನ್ನು ಹಳೆ ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ.

ಕಟ್ಟಿದ ಮೇಲೆ ಮೊದಲು ಟ್ರ್ಯಾಪು ಬಿಚ್ಚಿ. ಕೆಳಗೆ ಬಕೆಟ್ ಇಟ್ಟು ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲೇ ತಿರುಗಿಸಿ. ಪೈಪ್ ಪಾನಾ ಹಾಕಿದರೆ ಬಿರುಕು ಬಿಡುತ್ತದೆ. ಒಳಗಿನದನ್ನು ಬಕೆಟ್ಟಿಗೆ ಬಳಿದು, ಟ್ರ್ಯಾಪನ್ನು ಹೊರಗೆ ತೊಳೆದು, ವಾಷರು ಸೆಟೆದಿದ್ದರೆ ಅದೇ ಅಳತೆಯ ಹೊಸದು ಹಾಕಿ. ಬೇಸಿನ್ನಿಗೆ ಸಾಮಾನ್ಯವಾಗಿ 32, ಸಿಂಕಿಗೆ 40 ಮಿಲಿಮೀಟರ್. ಹಳೆಯದನ್ನು ಅಂಗಡಿಗೆ ಒಯ್ಯುವುದೇ ಸರಿ. ಟ್ರ್ಯಾಪು ಖಾಲಿಯಿದ್ದೂ ನೀರು ನಿಂತರೆ ಕೈ ಸ್ಪ್ರಿಂಗನ್ನು ಗೋಡೆಯ ಪೈಪಿಗೆ ಬಿಡಿ. ತಡೆ ಸಿಕ್ಕಲ್ಲಿ ತಳ್ಳಬೇಡಿ, ತಿರುಗಿಸುತ್ತಾ ಹೋಗಿ, ಹೊರಗೆಳೆದು ಒರೆಸಿ ಮತ್ತೆ ಬಿಡಿ. ಕೊನೆಗೆ ಬಿಸಿನೀರು. ಕುದಿಯುವ ನೀರನ್ನು ನೇರ ಸುರಿದರೆ ಪಿವಿಸಿ ಪೈಪು ಮೆತ್ತಗಾಗಿ ಜೋಡಣೆ ಸಡಿಲವಾಗುತ್ತದೆ. ಅಷ್ಟೇ ತಣ್ಣೀರು ಬೆರೆಸಿದರೆ 60 ಡಿಗ್ರಿಯ ಆಸುಪಾಸಿಗೆ ಬರುತ್ತದೆ, ಜಿಡ್ಡು ಕರಗಲು ಅದು ಸಾಕು.

ಬಚ್ಚಲಲ್ಲಿ ಎಣ್ಣೆಸ್ನಾನದ ಸೀಗೆಪುಡಿ, ಕೂದಲು ಸೇರಿ ಹಗ್ಗದ ಹಾಗೆ ಹೆಣೆದುಕೊಳ್ಳುತ್ತವೆ. ಜಾಲಿ ಎತ್ತಿ ಕೈಗವಸು ಹಾಕಿ ತೆಗೆದರೆ ಆಯಿತು. ಬಚ್ಚಲ ಒಲೆಯಿರುವ ಮನೆಯಲ್ಲಿ ಬೂದಿಯನ್ನು ಮಾತ್ರ ಎಂದೂ ನೀರಿನ ಜೊತೆ ಬಿಡಬೇಡಿ. ಅದು ಟ್ರ್ಯಾಪಿನ ತಳದಲ್ಲಿ ಕೂತು ಗಾರೆಯಂತೆ ಗಟ್ಟಿಯಾಗುತ್ತದೆ, ಸ್ಪ್ರಿಂಗಿಗೂ ಬಗ್ಗುವುದಿಲ್ಲ.

ಅಂಗಡಿಯಲ್ಲಿ ಸಿಗುವ ಪುಡಿಗಳಲ್ಲಿರುವುದು ಬಹುಪಾಲು ಕಾಸ್ಟಿಕ್ ಸೋಡಾ. ನೀರು ನಿಧಾನವಾಗಿ ಇಳಿಯುವಾಗ ಅದು ಸ್ವಲ್ಪ ಕೆಲಸ ಮಾಡೀತು. ಪೂರ್ತಿ ಕಟ್ಟಿದ ಪೈಪಿಗೆ ಹಾಕಿದರೆ ಅಲ್ಲೇ ಬಿಸಿಯಾಗಿ ನಿಲ್ಲುತ್ತದೆ, ಬಿಚ್ಚಲು ಬಂದವರ ಕಣ್ಣಿಗೆ, ಕೈಗೆ ಹಾರುತ್ತದೆ. ಹಾಕಿದ್ದರೆ ಪ್ಲಂಬರಿಗೆ ಮೊದಲೇ ಹೇಳಿ. ಪಾಯಿಖಾನೆ ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಬಳಸಬಾರದು. ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೆ ಅಪಾಯ.

ಕೆಲಸದವರನ್ನು ಕರೆಸಿದಾಗ

ಮಷಿನ್ ಸ್ಪ್ರಿಂಗನ್ನು ಚೇಂಬರಿನಿಂದ ಬಿಡಿಸಿ. ಕಮೋಡಿನ ಮೂಲಕ ಬಿಟ್ಟರೆ ಪಿಂಗಾಣಿ ಗೀರುತ್ತದೆ, ಒಡೆಯಲೂಬಹುದು. ಜಿಡ್ಡಿಗೆ, ಮಳೆಗೆ ಬಂದ ಕೆಮ್ಮಣ್ಣಿಗೆ ಸ್ಪ್ರಿಂಗಿಗಿಂತ ಜೆಟ್ಟಿಂಗ್ (ಜೋರು ಒತ್ತಡದಲ್ಲಿ ನೀರು ಬಿಡುವುದು) ಒಳ್ಳೆಯದು. ಸ್ಪ್ರಿಂಗು ನಡುವೆ ತೂತು ಮಾಡಿ ನೀರಿಗೆ ದಾರಿ ಕೊಡುತ್ತದೆ, ಗೋಡೆಯ ಜಿಡ್ಡು ಹಾಗೇ ಉಳಿಯುತ್ತದೆ. ಜೆಟ್ಟಿನ ಮೂತಿಯಿಂದ ನೀರು ಹಿಂದಕ್ಕೆ ಚಿಮ್ಮಿ ಪೈಪಿನ ಗೋಡೆ ತೊಳೆಯುತ್ತದೆ. ಆದ್ದರಿಂದ ಕೆಳಗಿನ ಚೇಂಬರಿನಿಂದ ಮನೆಯ ಕಡೆಗೆ ಬಿಡಬೇಕು, ಕಿತ್ತ ಕಸವನ್ನು ಆ ಚೇಂಬರಿನಲ್ಲೇ ಬಾಚಿ ತೆಗೆಯಬೇಕು. ಮುಂದಕ್ಕೆ ತಳ್ಳಿಬಿಟ್ಟರೆ ಮುಂದಿನ ಬೆಂಡಿನಲ್ಲಿ ಮತ್ತೆ ಕಟ್ಟುತ್ತದೆ. ಅಡಿಗೆ ಇಷ್ಟೋ ಒಟ್ಟು ಕೆಲಸಕ್ಕೆ ಇಷ್ಟೋ, ಶುರುವಿಗೆ ಮುಂಚೆ ಮಾತಾಡಿಕೊಳ್ಳಿ. ಎರಡು ಬಕೆಟ್ ನೀರನ್ನು ಒಂದೇ ಸಲ ಸುರಿದು, ಚೇಂಬರಿನಲ್ಲಿ ತಡೆಯಿಲ್ಲದೆ ಹರಿಯುವುದನ್ನು ಕಂಡ ಮೇಲೆ ದುಡ್ಡು ಕೊಡಿ.

ಎರಡು ಮೂರು ತಿಂಗಳಿಗೊಮ್ಮೆ ಅದೇ ಜಾಗ ಕಟ್ಟಿದರೆ ತಪ್ಪು ನಿಮ್ಮ ಬಳಕೆಯದ್ದಲ್ಲ, ಪೈಪಿನದು. ನಾಲ್ಕು ಇಂಚಿನ ಲೈನಿಗೆ ಹತ್ತು ಅಡಿಗೆ ಮೂರು ಇಂಚು ಇಳಿಜಾರು ಬೇಕು. ತುಂಬಿದ ಮಣ್ಣು ಒಂದೆರಡು ಮಳೆಗಾಲಕ್ಕೆ ಕುಸಿದರೆ ಪೈಪು ನಡುವೆ ಜೋತು ಬೀಳುತ್ತದೆ. ಹಳೆಯ ಮನೆಗಳ ಮಣ್ಣಿನ ಪೈಪಿನ ಸಂದಿಗೆ ಮರದ ಬೇರು ಇಳಿಯುತ್ತದೆ. ಇವಕ್ಕೆ ಅಗೆದು ಬದಲಾಯಿಸುವುದೇ ದಾರಿ; ಆ ಖರ್ಚು ಮಾಲೀಕರದ್ದೆಂದು ಬಾಡಿಗೆ ಕರಾರಿನಲ್ಲೇ ಬರೆಸಿಕೊಳ್ಳಿ. ಮಳೆ ಬಂದಾಗ ಮಾತ್ರ ಉಕ್ಕುತ್ತದೆಯೇ? ತಾರಸಿಯ ನೀರಿನ ಪೈಪನ್ನು ಚೇಂಬರಿಗೆ ಸೇರಿಸಿರುತ್ತಾರೆ. ಬಿಡಿಸಿ ಮಳೆನೀರಿನ ಚರಂಡಿಗೆ ಹಾಕಿಸಿ.

ಗುಂಡಿಯಿರುವ ಮನೆಗಳು

ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ, ಮಾರ್ಚಿಯಿಂದ ಮೇ ಒಳಗೆ, ಮೃಗಶಿರಾ ಮಳೆ ಹಿಡಿಯುವ ಮುಂಚೆ ಖಾಲಿ ಮಾಡಿಸಿ. ನಡುಮಳೆಗಾಲದಲ್ಲಿ ನೆಲದ ನೀರು ಮೇಲಿರುತ್ತದೆ. ಆಗ ಖಾಲಿ ಮಾಡಿದರೆ ರಿಂಗಿನ ಗುಂಡಿ ಹೊರಗಿನ ನೀರಿನಿಂದಲೇ ಮತ್ತೆ ತುಂಬುತ್ತದೆ, ಪ್ಲಾಸ್ಟಿಕ್ ಟ್ಯಾಂಕು ಮೇಲಕ್ಕೇಳಬಹುದು. ತಳದಲ್ಲಿ ಒಂದಿಂಚಿನಷ್ಟು ಕೆಸರು ಉಳಿಸಲು ಹೇಳಿ. ಹೊಸ ಮಲ ಕೊಳೆಯಲು ಅದು ಹೆಪ್ಪಿನಂತೆ ಬೇಕು. ಬಾವಿ ನೀರು ಕುಡಿಯುವ ಮನೆಯಾದರೆ ಇಂಗುಗುಂಡಿಗೂ ಬಾವಿಗೂ 18 ಮೀಟರ್ ಅಂತರ ಇದೆಯೇ ಅಳೆದು ನೋಡಿ.

ಖಾಲಿ ಮಾಡಲು ಪೈಪಿನಿಂದ ಹೀರಿಕೊಳ್ಳುವ ಸಕ್ಕಿಂಗ್ ಗಾಡಿಯನ್ನೇ ಕರೆಸಿ. ಗುಂಡಿಗಾಗಲಿ ಮ್ಯಾನ್‌ಹೋಲಿಗಾಗಲಿ ಮನುಷ್ಯನನ್ನು ಇಳಿಸಬೇಡಿ. ಅವರೇ ಇಳಿಯುತ್ತೇವೆ ಎಂದರೂ ಬೇಡ, ಅರ್ಧ ದುಡ್ಡಿಗೆ ಮುಗಿಯುತ್ತದೆ ಎಂದರೂ ಬೇಡ. ಒಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗಿನ ಅರಿವೇ ಸತ್ತು ವಾಸನೆ ತಿಳಿಯುವುದಿಲ್ಲ. ಒಂದೆರಡು ಉಸಿರಿಗೆ ಮನುಷ್ಯ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಮಲಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಂತೆ ಹೀಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಾಡಿಯ ಪೈಪು ಅಂಗಳದವರೆಗೆ ತಲುಪುವುದಿಲ್ಲ ಎಂದರೆ ಉದ್ದದ ಪೈಪಿರುವ ಬೇರೆ ಗಾಡಿ ಬರುವವರೆಗೆ ಕಾಯಿರಿ. ಕೆಲಸ ಮುಗಿದ ಕೂಡಲೇ ಮುಚ್ಚಳ ಹಾಕಿ ಅಂಚಿಗೆ ಗಾರೆ ಮೆತ್ತಿಸಿ, ಅದು ಒಣಗುವವರೆಗೆ ಮಕ್ಕಳನ್ನು ಆ ಕಡೆ ಬಿಡಬೇಡಿ.